ಮಾತಿಲ್ಲದ್ದು ಬೇರೆ, ಸದ್ದಿಲ್ಲದ್ದು ಬೇರೆ



ಸಿನಿಮಾದಲ್ಲಿ ಸದ್ದು ಹೇಗೆ ಕಥೆ ಹೇಳುತ್ತದೆ ಅಂತ ಮಾತಾಡಿ ಎಂದು ಸಂಘದವರು ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ಮಾತೇ ಇಲ್ಲದ ಸಿನಿಮಾ: 1987ರ ‘ಪುಷ್ಪಕ ವಿಮಾನ’. ಸಿಂಗೀತಂ ಶ್ರೀನಿವಾಸರಾವ್ ಅವರು ನಮ್ಮ ಬೆಂಗಳೂರಿನಲ್ಲೇ ತೆಗೆದದ್ದು. ಅದನ್ನು ಮೂಕಿಚಿತ್ರ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂಕಿಯಲ್ಲಿ ಪಾತ್ರಗಳು ಮಾತಾಡುತ್ತಿದ್ದವು, ನಮಗೆ ಕೇಳಿಸುತ್ತಿರಲಿಲ್ಲ. ಇಲ್ಲಿ ಉಳಿದದ್ದೆಲ್ಲ ಕೇಳಿಸುತ್ತದೆ, ಮಾತೊಂದೇ ಇಲ್ಲ.

ಕಮಲ್ ಹಾಸನ್ ಇದರಲ್ಲಿ ಕೆಲಸವಿಲ್ಲದ ಹುಡುಗ. ಅವನ ಬಾಡಿಗೆ ಕೋಣೆಯ ಮಗ್ಗುಲಲ್ಲೇ ಸಿನಿಮಾ ಟಾಕೀಸು. ರಾತ್ರಿ ಮಲಗಿದರೆ ಗೋಡೆಯಾಚೆ ಢಿಶುಂ ಢಿಶುಂ. ಮುಂದೆ ಪಂಚತಾರಾ ಹೋಟೆಲಿನಲ್ಲಿ ಒಬ್ಬ ಸಾಹುಕಾರನ ಕೋಣೆ ಸೇರಿಕೊಳ್ಳುತ್ತಾನೆ. ಮೆತ್ತನೆಯ ಹಾಸಿಗೆ. ನಿದ್ದೆ ಮಾತ್ರ ಹತ್ತಿರ ಸುಳಿಯದು. ಕೊನೆಗೆ ಹಳೆಯ ಕೋಣೆಗೆ ಹೋಗಿ, ಆ ಹೊಡೆದಾಟದ ಗದ್ದಲವನ್ನು ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ.

ನಾವು ನಗುತ್ತೇವೆ. ಆದರೆ ಆ ಟೇಪಿನಲ್ಲಿರುವುದು ಅವನ ಬಡತನ. ಅದೇ ಅವನಿಗೆ ಜೋಗುಳವಾಗಿಬಿಟ್ಟಿದೆ. ಇದನ್ನು ಸಂಭಾಷಣೆಯಲ್ಲಿ ಹೇಳಹೊರಟಿದ್ದರೆ ಒಬ್ಬ ಗೆಳೆಯನನ್ನು ಕರೆಸಬೇಕಿತ್ತು, ಅವನೆದುರು ಗೋಳು ತೋಡಿಕೊಳ್ಳಬೇಕಿತ್ತು.

ಹೀಗೆ ಕಥೆಯನ್ನು ಬರಿಯ ಸದ್ದಿಗೇ ಬಿಡುವ ಧೈರ್ಯ ನಮ್ಮ ಎಷ್ಟೋ ಸಿನಿಮಾಗಳಿಗಿಲ್ಲ. ಹಿನ್ನೆಲೆ ಸಂಗೀತ ಕೂಡಿಸಲು, ಅಂದರೆ ರೀರೆಕಾರ್ಡಿಂಗಿಗೆ, ಕೂತಾಗ ಖಾಲಿ ಜಾಗ ಕಂಡರೆ ಸಾಕು, ಪಿಟೀಲು ಸುರಿಯುತ್ತಾರೆ.

ಹಾಗಂತ ವಾದ್ಯ ಬೇಡವೆನ್ನುತ್ತಿಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ನೋಡಿ. ಊರಿಗೆ ಮರಳಿದ ಹರಿಹರನಿಗೆ ಮಗಳು ಸತ್ತದ್ದು ಗೊತ್ತಿಲ್ಲ. ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಸರ್ಬಜಯಾ ಬಾಯ್ಬಿಟ್ಟು ಅಳುತ್ತಾಳೆ. ಅಳು ನಮಗೆ ಕೇಳಿಸುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ತಾರಸ್ಥಾಯಿಯಲ್ಲಿ ಚೀರುತ್ತದೆ. ಹೆಸರಿಗೆ ಶಹನಾಯಿ, ಊದುವ ವಾದ್ಯವಲ್ಲ. ಕಮಾನಿನಿಂದ ನುಡಿಸುವ ತಂತಿವಾದ್ಯ. ರವಿಶಂಕರ್ ಅವರ ಸಂಗೀತದ ಆ ಚಿತ್ರದಲ್ಲಿ ಮತ್ತೆಮತ್ತೆ ಬರುವ ಕೊಳಲಿಗಿಂತ ನನಗೆ ಈ ಚೀರು ಹೆಚ್ಚು ಕಾಡಿದೆ.

ಸದ್ದಿನ ಬಳಕೆಯಲ್ಲಿ ನಿರ್ದೇಶಕ ಋತ್ವಿಕ್ ಘಟಕ್ ಇನ್ನೂ ಒರಟು. ‘ಮೇಘೇ ಢಾಕಾ ತಾರಾ’ದಲ್ಲಿ (1960) ಪ್ರಿಯಕರನ ಮೋಸ ಅರಿತ ನಾಯಕಿ ನೀತಾ ಮೆಟ್ಟಿಲಿಳಿಯುವಾಗ ಚಾಟಿಯೇಟಿನ ಸದ್ದು. ತೆರೆಯ ಮೇಲೆ ಚಾಟಿಯೂ ಇಲ್ಲ, ಬೀಸುವವನೂ ಇಲ್ಲ.

ಈಗ ಸರ್ಬಜಯಾಳ ದೃಶ್ಯವನ್ನು ಎರಡು ಸಲ ತೋರಿಸುತ್ತೇವೆ, ಮೊದಲು ಸದ್ದು ಪೂರ್ತಿ ತೆಗೆದು. ದಯವಿಟ್ಟು ಫ್ಯಾನುಗಳನ್ನೂ ನಿಲ್ಲಿಸಿ.