ಕೊಕ್ಕರೆ ಬೆಳ್ಳೂರಿನ ಮರಗಳು

 

ಮಂಡ್ಯ ಜಿಲ್ಲೆಯೆಂದೊಡನೆ ಜೈನಬಾಂಧವರಿಗೆ ನೆನಪಾಗುವುದು ನಾಗಮಂಗಲ ತಾಲೂಕಿನ ಕಂಬದಹಳ್ಳಿ. ಅಲ್ಲಿಯ ಪಂಚಕೂಟ ಬಸದಿಯೂ ಬ್ರಹ್ಮದೇವರ ಕಂಬವೂ ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿ ಇಂದಿಗೂ ನಿಂತಿವೆ. ಅದೇ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ, ಬೇರೊಂದು ಬಗೆಯ ಪ್ರಾಚೀನ ಸಂಪತ್ತಿದೆ. ಅದು ಶಿಲೆಯದಲ್ಲ, ಹುಣಿಸೆ, ಅರಳಿ, ಆಲದ ಮರಗಳದು. ಊರಿನ ಹೆಸರು ಕೊಕ್ಕರೆ ಬೆಳ್ಳೂರು. ಕಲ್ಲಿನ ಕಟ್ಟಡವನ್ನು ಒಂದು ತಲೆಮಾರು ಕಡೆಗಣಿಸಿದರೂ ಮುಂದಿನ ತಲೆಮಾರು ಜೀರ್ಣೋದ್ಧಾರ ಮಾಡಬಹುದು. ಕಡಿದುರುಳಿಸಿದ ಹೆಮ್ಮರಕ್ಕೆ ಆ ಭಾಗ್ಯವಿಲ್ಲ.

ಪ್ರತಿವರ್ಷವೂ ಚಳಿಗಾಲದ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಈ ಊರಿಗೆ ಬಂದು, ಬೀದಿಯ ಹಾಗೂ ಹಿತ್ತಿಲ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯು ಕೊಕ್ಕಿನ ಕೆಳಗೆ ಚೀಲವುಳ್ಳ ಭಾರಿ ಹಕ್ಕಿ. ಅದರ ಮರಿ ರೆಕ್ಕೆ ಬಲಿತು ಹಾರಲು ಮೂರು ನಾಲ್ಕು ತಿಂಗಳು ಬೇಕು. ಅಷ್ಟು ಕಾಲವೂ ತಲೆಯ ಮೇಲೆ ಗದ್ದಲ, ಅಂಗಳದಲ್ಲಿ ಹಿಕ್ಕೆ, ಮೀನಿನ ವಾಸನೆ! ಆದರೂ ಗ್ರಾಮಸ್ಥರು ಹಕ್ಕಿಗಳನ್ನು ಹೆರಿಗೆಗಾಗಿ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಹಿಂದೆ ಪ್ಲೇಗಿನ ಮಾರಿಗೆ ಅಂಜಿ ಜನರು ಹಳೆಯ ಊರನ್ನು ತೊರೆದು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿದುವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೊರಗಿನ ವಿದ್ವಾಂಸರ ಗಮನಕ್ಕೆ ಈ ಸಂಗತಿ ಬಂದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರಿಂದ.

ಭಾವನೆಯ ಮಾತು ಹಾಗಿರಲಿ. ವ್ಯಾಪಾರಸ್ಥರು ಹೆಚ್ಚಾಗಿರುವ ಈ ಸಭೆಯಲ್ಲಿ ಲೆಕ್ಕವನ್ನೂ ನೋಡುವುದು ಉಚಿತ. ಗೂಡುಗಳಿರುವ ಮರಗಳಲ್ಲಿ ಬಹಳಷ್ಟು ಖಾಸಗಿಯವರ ಸ್ವತ್ತು. ಹುಣಿಸೆಹಣ್ಣು ಪಕ್ವವಾಗುವುದೂ ಗೂಡಿನಲ್ಲಿ ಮರಿಗಳಿರುವುದೂ ಒಂದೇ ಕಾಲದಲ್ಲಿ. ಮರ ಹತ್ತಿ ಕೊಂಬೆ ಬಡಿದರೆ ಮರಿ ಸಾಯುತ್ತದೆ. ಬಡಿಯದಿದ್ದರೆ ಆ ವರ್ಷದ ಫಸಲು ಹೋಗುತ್ತದೆ. ಜಮೆಯ ಕಡೆಗೆ ಬರೆಯಬಹುದಾದದ್ದು ಹಿಕ್ಕೆಯ ಗೊಬ್ಬರ ಮಾತ್ರ. ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಹೊಲಗಳಿಗೆ ಹಾಕುವ ರೂಢಿ ಅಲ್ಲಿತ್ತು. ರಾಸಾಯನಿಕ ಗೊಬ್ಬರದ ಮೂಟೆಗಳು ಬಂದ ಮೇಲೆ ಅದರ ಬೆಲೆಯೂ ಇಳಿಯಿತು. ಅರಣ್ಯ ಇಲಾಖೆ ಗೂಡುಳ್ಳ ಮರಗಳಿಗೆ ಪರಿಹಾರಧನ ನೀಡುವ ಏರ್ಪಾಡು ಮಾಡಿತಾದರೂ ಅದು ಹಣ್ಣಿನ ಬೆಲೆಗೆ ಸರಿದೂಗುವಂಥದಲ್ಲ. ಮನೆಯಲ್ಲಿ ಮದುವೆಯೋ ಸಾಲವೋ ಬಂದಾಗ ಹುಣಿಸೆಮರವೆಂದರೆ ಕೈಗೆಟಕುವ ಹಣ. ಅಂಥ ಸಮಯದಲ್ಲಿ ಕೊಡಲಿಯನ್ನು ತಡೆದು ನಿಲ್ಲಿಸಿದ ಬಡ ಒಕ್ಕಲಿನ ಔದಾರ್ಯ ಯಾವ ದಾನಶಾಸನದಲ್ಲಿಯೂ ಕೆತ್ತಿಲ್ಲ.

ಈ ಭಾರವನ್ನು ಹಂಚಿಕೊಳ್ಳಲು 1994ರಲ್ಲಿ ಮೈಸೂರಿನಿಂದ ಕೆಲವರು ಬಂದರು. ಅವರದು ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಕೂಟ. ಪೇಟೆಯವರು ಹಳ್ಳಿಗೆ ಹೋಗಿ ಉಪದೇಶ ಮಾಡಿ ಹಿಂತಿರುಗುವುದು ಸಾಮಾನ್ಯ. ಇವರು ಹಾಗೆ ಮಾಡದೆ ಊರಿನ ತರುಣರ ಜೊತೆಗೂಡಿದರು. ಆ ತರುಣರದೇ 'ಹೆಜ್ಜಾರ್ಲೆ ಬಳಗ' ರೂಪುಗೊಂಡಿತು. ಗೂಡಿನಿಂದ ಬಿದ್ದ ಮರಿಯನ್ನು ಹೆಜ್ಜಾರ್ಲೆಯು ಮತ್ತೆ ಮೇಲಕ್ಕೆ ಒಯ್ಯಲಾರದು; ನೆಲದಲ್ಲಿ ಬಿಟ್ಟರೆ ನಾಯಿಪಾಲು. ಬಳಗದವರು ಅಂಥ ಮರಿಗಳನ್ನು ಎತ್ತಿತಂದು, ಬೇಲಿಯೊಳಗೆ ಇರಿಸಿ, ಉಣಿಸಿ, ಹಾರಲು ಶಕ್ತವಾದ ಮೇಲೆ ಬಿಟ್ಟುಬಿಡುವ ಕೆಲಸವನ್ನು ಕೈಗೆತ್ತಿಕೊಂಡರು.

ಆ ಮರಿಗಳ ಆಹಾರ ಮೀನು. ಒಂದು ಜೀವವನ್ನುಳಿಸಲು ಮತ್ತೊಂದನ್ನು ತಂದೊಡ್ಡುವುದು ದಯೆಯೇ ಎಂಬ ಪ್ರಶ್ನೆ ಶ್ರಾವಕರ ಮನಸ್ಸಿನಲ್ಲಿ ಏಳುವುದು ಸಹಜ. ಅದಕ್ಕೆ ಸುಲಭವಾದ ಸಮಾಧಾನವಿಲ್ಲ. ಹಕ್ಕಿ ತನ್ನ ಹುಟ್ಟುಗುಣದಂತೆ ಬಾಳುತ್ತದೆ. ಆದರೆ ಗೂಡಿರುವ ಮರವನ್ನು ಕಡಿಯದೆ ಬಿಡುವುದರಲ್ಲಿ ಮಾತ್ರ ಯಾವ ಸಂಶಯಕ್ಕೂ ಎಡೆಯಿಲ್ಲ. ಹುಣಿಸೆಯ ಆದಾಯವನ್ನು ಬಿಟ್ಟುಕೊಟ್ಟ ಗೃಹಸ್ಥನು ಪರಿಗ್ರಹವನ್ನು ಅಷ್ಟರಮಟ್ಟಿಗಾದರೂ ಕಡಿಮೆ ಮಾಡಿಕೊಂಡವನು.

2007ರಲ್ಲಿ ಸರಕಾರವು ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅಷ್ಟರಿಂದಲೇ ಆತಂಕ ನೀಗಲಿಲ್ಲ. 2017ರ ಕೊನೆಯಲ್ಲಿಯೂ 2018ರಲ್ಲಿಯೂ ಹುಳುಬಾಧೆಯಿಂದ ಅನೇಕ ಹೆಜ್ಜಾರ್ಲೆಗಳು ಸತ್ತು ಬಿದ್ದುವು. ಹಕ್ಕಿಗಳು ಗೂಡು ಕಟ್ಟುವುದು ಊರಿನಲ್ಲಿ, ಆದರೆ ಮೇಯುವುದು ಸುತ್ತಮುತ್ತಲ ಕೆರೆಗಳಲ್ಲಿ ಮತ್ತು ಶಿಂಷೆಯಲ್ಲಿ. ಆ ನೀರು ಕೆಟ್ಟರೆ, ಬತ್ತಿದರೆ, ಊರಿನ ಮರಗಳನ್ನು ಎಷ್ಟು ಜೋಪಾನ ಮಾಡಿದರೂ ಸಾಲದು. ಕೆರೆಗಳು ಒಂದೇ ಊರಿನವಲ್ಲ. ಅವುಗಳ ದಂಡೆಯ ಹತ್ತಾರು ಹಳ್ಳಿಗಳಲ್ಲಿಯೂ ಇಂಥದೊಂದು ಬಳಗ ಹುಟ್ಟಬೇಕಾಗಿದೆ. ಹಳೆಯ ಮರಗಳು ಗಾಳಿಮಳೆಗೆ ಉರುಳುತ್ತಿರುತ್ತವೆ. ಅವುಗಳ ಬದಲಿಗೆ ಇಂದು ನೆಟ್ಟ ಆಲದ ಸಸಿ ಹೆಜ್ಜಾರ್ಲೆಯ ಗೂಡನ್ನು ಹೊರುವಷ್ಟು ಬಲಿಯಲು ಹಲವು ವರ್ಷಗಳು ಬೇಕು. ಅಲ್ಲಿಯವರೆಗೆ ಅದಕ್ಕೆ ಬೇಸಗೆಯಲ್ಲಿ ನೀರೂ ಆಡುಗಳಿಂದ ಕಾಯಲು ಮುಳ್ಳಿನ ಬೇಲಿಯೂ ಬೇಕು.