ಕನ್ನಡದ ಬೋರ್ಡು, ಕೆಳಗೆ ಬೀಗ

(ತರುಣರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಅಂಗಡಿ ಬೋರ್ಡುಗಳ ವಿಷಯ ಆಮೇಲೆ ಮಾತಾಡೋಣ. ಇವತ್ತು ಇನ್ನೊಂದು ಬೋರ್ಡಿನ ವಿಷಯ ಹೇಳುತ್ತೇನೆ. ಅದು ಅಪ್ಪಟ ಕನ್ನಡದಲ್ಲೇ ಇದೆ. ‘ಸಾರ್ವಜನಿಕ ಗ್ರಂಥಾಲಯ, ಶಾಖೆ’. ಒತ್ತಕ್ಷರವೂ ಸರಿಯಾಗಿದೆ. ಅದರ ಕೆಳಗಿನ ಬಾಗಿಲಿಗೆ ಮಾತ್ರ ಬೀಗ!

ಯಾಕೆ ಬೀಗ? ಇರುವವರು ಒಬ್ಬರೇ. ಅವರು ರಜೆ ಹಾಕಿದರೆ, ಅಥವಾ ಮೇಲಿನ ಕಚೇರಿಗೆ ಲೆಕ್ಕ ಒಪ್ಪಿಸಲು ಹೋದರೆ ಗ್ರಂಥಾಲಯವೂ ಅವರ ಜೊತೆ ರಜೆ ಹಾಕುತ್ತದೆ. ಕೇಳಿದರೆ ಸಿದ್ಧ ಉತ್ತರ: ‘ಹಣವಿಲ್ಲ ಸ್ವಾಮಿ.’

ಹಣವಿಲ್ಲವೇ? ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ‘ಸೆಸ್’ ಎಂಬ ಸಾಲಿನೊಳಗೆ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆ ಗ್ರಂಥಾಲಯ ಕರವೂ ಅಡಗಿ ಕೂತಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಕೊಟ್ಟ ವರ ಅದು. ಇಂದು ಅದರ ದರ ತೆರಿಗೆಯ ಒಂದು ರೂಪಾಯಿಗೆ ಆರು ಪೈಸೆ. ಐದು ಸಾವಿರ ತೆರಿಗೆ ಕಟ್ಟುವ ಮನೆಯಿಂದ ಮುನ್ನೂರು ರೂಪಾಯಿ. ಬಾಡಿಗೆ ಮನೆಯವರೇ, ನೀವೂ ನಗಬೇಡಿ. ಮಾಲೀಕ ಅದನ್ನು ನಿಮ್ಮ ಬಾಡಿಗೆಯಿಂದಲೇ ಕಟ್ಟುತ್ತಾನೆ. ಪಾಲಿಕೆ ಇದನ್ನು ವಸೂಲಿ ಮಾಡಿ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದ ಕಾಲದಲ್ಲಿ ಹೀಗೆ ಒಪ್ಪಿಸದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಬೆಳೆದಿತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಮನೆ ಒಡೆದು ಐದು ಪಾಲಾದಾಗ ಹಳೇ ಸಾಲ ಯಾರ ತಲೆಗೆ ಎಂದು ಕೇಳುವವರು ಬೇಕಲ್ಲ? ಆ ಕೇಳುವವರು ನಾವು.

ಇದರ ಪೆಟ್ಟು ಕನ್ನಡಕ್ಕೇ ಬೀಳುತ್ತದೆ. ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ದೊಡ್ಡ ಗಿರಾಕಿ ಗ್ರಂಥಾಲಯ ಇಲಾಖೆಯೇ. ಅದರ ಕೈ ಬರಿದಾದರೆ ಪ್ರಕಾಶಕನ ಬಿಲ್ಲು ಕೊಳೆಯುತ್ತದೆ, ಹೊಸ ಲೇಖಕನ ಹಸ್ತಪ್ರತಿ ಮೇಜಿನಲ್ಲೇ ಉಳಿಯುತ್ತದೆ. ದುಡ್ಡಿದ್ದವನ ಮಗ ಪುಸ್ತಕ ಕೊಳ್ಳುತ್ತಾನೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಸದ್ದಿನ ನಡುವೆ ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗಿ ಎಲ್ಲಿಗೆ ಹೋಗಬೇಕು?

ಸರಿ, ಬಾಕಿ ಬರುವ ತನಕ ಕೈಕಟ್ಟಿ ಕೂರೋಣವೇ? ಎಸ್. ಆರ್. ರಂಗನಾಥನ್ ಅವರ ಹೆಸರು ಕೇಳಿದ್ದೀರಿ. ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನಲ್ಲಿ ತರಬೇತಿ ಪಡೆದದ್ದು ಕೆಲಸ ಸಿಕ್ಕ ಮೇಲೆ! ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ 1929ರಲ್ಲಿ ಮದರಾಸಿನಲ್ಲಿ ತರಬೇತಿ ಶಾಲೆ ತೆರೆದರು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಊರೂರಿಗೆ ಕಳಿಸಿದ ಪ್ರಯೋಗವೂ ಅವರ ಬಳಗದ್ದೇ. ಕಟ್ಟಡವಿಲ್ಲ ಎಂದು ಅವರು ಅಳಲಿಲ್ಲ. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು. ಅಂಥ ಊರಿನ ಶಾಖಾ ಗ್ರಂಥಾಲಯದಲ್ಲಿ ಕಸ ಗುಡಿಸುವವರೇ ಪುಸ್ತಕವನ್ನೂ ಜೋಡಿಸುತ್ತಾರೆ, ಹೇಗೆ ಜೋಡಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡಲು ಕೋಟಿ ಬೇಕಿಲ್ಲ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ನಮ್ಮ ಗ್ರಂಥಾಲಯದ ಅರ್ಧ ಪುಸ್ತಕ ಈ ಒಂದೇ ಸಂಖ್ಯೆಯಡಿ ಬಂದು ಬೀಳುತ್ತದೆ. ಅದನ್ನು ಕಾದಂಬರಿ, ಕಥೆ, ನಾಟಕ ಎಂದು ಒಡೆದು, ಲೇಖಕರ ಹೆಸರನ್ನು ಕನ್ನಡದ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟರೆ ಸಾಕು, ಕಾರಂತರನ್ನು ಹುಡುಕಲು ಅರ್ಧ ದಿನ ಬೇಡ. ಕನ್ನಡ ಓದಬಲ್ಲ ಸಹಾಯಕರಿಗೆ ನಾಲ್ಕು ಮಧ್ಯಾಹ್ನದ ಪಾಠ ಅಷ್ಟೆ. ಪಾಠ ಹೇಳಲು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ಓದುವ ವಿದ್ಯಾರ್ಥಿಗಳಿದ್ದಾರೆ. ಅವರಿಗೂ ಕೈಕೆಲಸ ಬೇಕು.

ಅಕ್ಕಪಕ್ಕದ ನಾಲ್ಕು ಶಾಖೆಗೆ ಸೇರಿ ಒಬ್ಬ ಬದಲಿ ನೌಕರನನ್ನು ನೇಮಿಸಲಿ. ಯಾರು ರಜೆ ಹಾಕಿದರೂ ಆತ ಅಲ್ಲಿಗೆ ಹೋಗಿ ಬಾಗಿಲು ತೆಗೆಯಲಿ.

ಜಾಗದ ಮಾತು. ಶಾಖೆಯೊಳಗೆ ಹೋಗಿ ನೋಡಿ: ಕಾಲು ಮುರಿದ ಕುರ್ಚಿ, ಹಳೇ ಪೇಪರಿನ ಕಟ್ಟು, ಬೀಗ ಹಾಕಿದ ಬೀರು. ಕೋಣೆಯ ಮೂರನೇ ಒಂದು ಪಾಲು ಗುಜರಿ. ಪಾಪ, ಗ್ರಂಥಪಾಲಕರನ್ನು ಬೈಯಬೇಡಿ. ಪುಸ್ತಕ ಕಳೆದರೆ ತಮ್ಮ ಸಂಬಳಕ್ಕೆ ಕತ್ತರಿ ಬಿದ್ದೀತು ಎಂಬ ಭಯ, ಗುಜರಿ ಮಾರಿದರೆ ಆಡಿಟ್ಟಿನವರ ಭಯ. ಮೇಲಧಿಕಾರಿ ಒಂದು ಆದೇಶ ಬರೆದು ವಿಲೇವಾರಿಗೆ ದಿನ ಗೊತ್ತುಮಾಡಿದರೆ ಹತ್ತು ಕುರ್ಚಿಗೆ ಜಾಗ ಬರುತ್ತದೆ. ಆ ಜಾಗವನ್ನೂ ಹೊತ್ತಿನ ಲೆಕ್ಕದಲ್ಲಿ ಹಂಚಬೇಕು. ಬೆಳಿಗ್ಗೆ ಪೇಪರ್ ಓದುವ ಹಿರಿಯರಿಗೆ, ಸಂಜೆ ನಾಲ್ಕರಿಂದ ಆರು ಮಕ್ಕಳಿಗೆ, ಆಮೇಲೆ ಪರೀಕ್ಷೆಗೆ ಓದುವವರಿಗೆ. ಗೋಡೆ ಕಟ್ಟದೆ ಒಂದು ಕೋಣೆ ಮೂರಾಯಿತು.

ಒಂದು ಎಚ್ಚರಿಕೆ. ನಾವು ಭಾನುವಾರ ಹೋಗಿ ಪುಸ್ತಕ ಜೋಡಿಸೋಣ, ಮಕ್ಕಳಿಗೆ ಕಥೆ ಓದೋಣ. ಆದರೆ ಬೀಗದ ಕೈ ನಾವು ಇಟ್ಟುಕೊಳ್ಳುವುದು ಬೇಡ. ‘ಹುಡುಗರು ಪುಕ್ಕಟೆ ಮಾಡುತ್ತಾರಲ್ಲ’ ಎಂದು ಖಾಲಿ ಹುದ್ದೆಯನ್ನು ಶಾಶ್ವತವಾಗಿ ಖಾಲಿ ಇಡುವ ಜಾಣರು ಮೇಲೆ ಕೂತಿದ್ದಾರೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿಕಾರ್ಮಿಕರು ತಮ್ಮ ದುಡಿಮೆಯಿಂದ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಸಾವಿರಾರು ಪುಸ್ತಕ ಬೆಂಕಿಗೆ ಹೋಯಿತು. ಅವರಿಗೆ ಕೈಮುಗಿಯುತ್ತೇನೆ. ಆದರೆ ಕರ ವಸೂಲಿ ಮಾಡುವ ಸರ್ಕಾರದ ಕೆಲಸವನ್ನು ಕೂಲಿಯವನ ಹೆಗಲಿಗೆ ಹಾಕಿ ಚಪ್ಪಾಳೆ ತಟ್ಟುವುದು ನಾಚಿಕೆಗೇಡು.

ಈಗ ಕೆಲಸ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, ನೂರೈವತ್ತು ಪದದೊಳಗೆ. ಪಾಲಿಕೆಗೆ ಒಂದು ಅರ್ಜಿ: ಕಳೆದ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಒಪ್ಪಿಸಿದ್ದೆಷ್ಟು? ಇಲಾಖೆಗೆ ಇನ್ನೊಂದು: ನಮ್ಮ ಶಾಖೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಕೇಳಿ. ಬರೆಯಲು ಗೊತ್ತಿಲ್ಲದವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ, ಕಾಗದ ತಂದಿದ್ದೇವೆ.