ಅಂಗಡಿಗೆ ಹಬ್ಬದ ದೀಪ

ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಯ ಮುಂಭಾಗವನ್ನು ದೀಪದ ಸರಗಳಿಂದ ಸಿಂಗರಿಸುವುದು ವರ್ತಕರ ವಾಡಿಕೆ. ಏಣಿ ಹತ್ತುವವನು ಸಾಮಾನ್ಯವಾಗಿ ಅಂಗಡಿಯ ಹುಡುಗ. ದೀಪ ಪುಟ್ಟದಾದರೂ, ನೇರವಾಗಿ ಪ್ಲಗ್ಗಿಗೆ ಚುಚ್ಚುವ ಸರದಲ್ಲಿರುವುದು 230 ವೋಲ್ಟು. ಹೊದಿಕೆ ಹರಿದ ತಂತಿ ಕಬ್ಬಿಣದ ಷಟರಿಗೆ ತಗುಲಿದರೆ ಷಟರೇ ಷಾಕ್ ಹೊಡೆಯುತ್ತದೆ. ಫ್ಯೂಸಿದೆಯಲ್ಲ ಎನ್ನುವಿರೋ? ಅದು ಕಾಯುವುದು ತಂತಿಯನ್ನು. ಹಲವು ಆಂಪಿಯರು ಹರಿದಲ್ಲದೆ ಕರಗದು. ಮನುಷ್ಯನಿಗೋ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಮಾರಕವಾಗಬಲ್ಲದು. ಪ್ರಾಣವನ್ನು ಕಾಯುವುದು, 30 ಮಿಲಿಆಂಪಿಯರು ಸೋರುವಷ್ಟರಲ್ಲಿ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಅದನ್ನು ಬಲ್ಲವರಿಂದ ಹಾಕಿಸಿ. ಹಬ್ಬಕ್ಕೆ ಮೊದಲು ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಸರವನ್ನು ಷಟರಿನಿಂದ ದೂರ ಕಟ್ಟಿಸಿ. ಹುಡುಗ ಏಣಿಯಿಂದಿಳಿದ ಮೇಲೆಯೇ ಪ್ಲಗ್ಗು ಚುಚ್ಚಿ. ಲಕ್ಷ್ಮಿ ಬರುವ ಬಾಗಿಲಲ್ಲಿ ಯಮನಿಗೆ ಎಡೆಯಿರದಿರಲಿ.